ಎಂಟು ಪಂದ್ಯ ಆಡಿ ಉಳಿದುಕೊಂಡ ಊರು

ಮಾಲ್ಡೀವ್ಸ್‌ನ ಮಾಲೆಗೆ ಬಂದ ಮೊದಲ ಬೆಳಿಗ್ಗೆ ಎಚ್ಚರವಾದಾಗ ಏನೋ ಇಲ್ಲ ಅನ್ನಿಸಿತು. ಏನು ಇಲ್ಲವೆಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಮಸೀದಿಯ ಆಜಾನ್ ಕೇಳಿಸುತ್ತಿತ್ತು, ಕೆಳಗಿನ ಸಂದಿಯಲ್ಲಿ ಸ್ಕೂಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಕಾಗೆಗಳೂ ಇದ್ದವು. ನಾಯಿ ಬೊಗಳುವ ಸದ್ದು ಮಾತ್ರ ಇರಲಿಲ್ಲ. ಐದನೆಯ ದಿನ ನಮ್ಮ ಬಾಸ್ಕೆಟ್‌ಬಾಲ್ ತಂಡದ ಹುಡುಗಿ ಶಿಫಾಳನ್ನು ಕೇಳಿದೆ. ಅವಳು ನಕ್ಕುಬಿಟ್ಟಳು. ಈ ದೇಶದಲ್ಲಿ ನಾಯಿ ಸಾಕುವ ಹಾಗೇ ಇಲ್ಲವಂತೆ. ಇಪ್ಪತ್ತೆರಡು ವರ್ಷದ ಆ ಹುಡುಗಿ ನಾಯಿಯನ್ನು ಟೀವಿಯಲ್ಲಿ ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲ. "ಕಚ್ಚುತ್ತಾ?" ಎಂದು ನನ್ನನ್ನೇ ಕೇಳಿದಳು.

ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಹನ್ನೆರಡು ನಾಯಿ ದಾಟಬೇಕು. ಒಂದೊಂದರ ಹೆಸರೂ ನನಗೆ ಗೊತ್ತಿತ್ತು. ಅವತ್ತು ಶಿಫಾಳಿಗೆ ಆ ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ಮನೆ ಬಿಟ್ಟು ಬಂದದ್ದು ಅರ್ಥವಾದದ್ದು ವಿಮಾನ ಹತ್ತಿದಾಗಲ್ಲ, ಆಗ.

ನನ್ನ ಹೆಸರು ಶಬೀನಾ. ನಮ್ಮ ಅಬ್ಬಾ ಊಟಿ ರಸ್ತೆಯಲ್ಲಿ ಲಾರಿಗಳ ಟಾರ್ಪಾಲು ಹೊಲಿಯುತ್ತಾರೆ. ಈರುಳ್ಳಿ, ಟೊಮೆಟೊ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ಬಂಡೀಪುರದ ಗೇಟು ರಾತ್ರಿ ಮುಚ್ಚುವ ಮೊದಲೇ ಕಾಡು ದಾಟಬೇಕು. ಆದ್ದರಿಂದ ಅಬ್ಬಾನ ಅಂಗಡಿಯಲ್ಲಿ ಸದಾ ಅವಸರ. ಹರಿದ ಟಾರ್ಪಾಲನ್ನು ರಸ್ತೆಯ ಬದಿಯಲ್ಲೇ ಹಾಸಿ, ಅದರ ಮೇಲೆ ಮಂಡಿಯೂರಿ ಕೂತು ದಬ್ಬಳದಲ್ಲಿ ಹೊಲಿಯುತ್ತಾರೆ. ಮನೆಯಲ್ಲಿ ನಾವು ಆಡುವುದು ಉರ್ದು. ಅಂಗಡಿಯಲ್ಲಿ ಅಬ್ಬಾನದು ಆ ಕಡೆಯ ಕನ್ನಡ, ಡ್ರೈವರುಗಳ ಜೊತೆ ಅರೆಬರೆ ಮಲಯಾಳ. ಈ ಮೂರೂ ಕಿವಿಗೆ ಬೀಳುತ್ತಲೇ ನಾನು ಬೆಳೆದೆ.

ಬಾಸ್ಕೆಟ್‌ಬಾಲ್ ಸಿಕ್ಕಿದ್ದು ಚಾಮರಾಜನಗರದ ಕಾಲೇಜಿನಲ್ಲಿ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಅದೇ ಬಸ್ಸಿನಲ್ಲಿ ಉಡಿಗಾಲದ ಮಾದೇವಿ ಬರುತ್ತಿದ್ದಳು. ಅವಳ ಅಪ್ಪ ಅವ್ವ ಅರಿಶಿನ ಬೆಳೆಯುವವರು. ಮಾದೇವಿ ನನಗಿಂತ ಒಂದು ಮೊಳ ಎತ್ತರ, ಕೈ ಚಾಚಿದರೆ ಬಸ್ಸಿನ ಮೇಲ್ಛಾವಣಿಗೆ ತಗಲುತ್ತಿತ್ತು. ನಮ್ಮ ಪಿ.ಟಿ. ಮೇಷ್ಟ್ರು ಅವಳನ್ನು ನೋಡಿಯೇ ತಂಡ ಕಟ್ಟಿದ್ದು. ನನ್ನನ್ನು ಸೇರಿಸಿಕೊಂಡದ್ದು ಅವಳ ಜೊತೆಯಲ್ಲಿ ನಿಂತಿದ್ದೆ ಎಂಬ ಕಾರಣಕ್ಕೆ.

ತಂಡದಲ್ಲಿ ನಾನು ಗಾರ್ಡ್. ಚೆಂಡನ್ನು ನೆಲಕ್ಕೆ ಬಡಿಯುತ್ತ ಎದುರಾಳಿಗಳ ಕಡೆಗೆ ಒಯ್ಯುವವಳು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವಳು, ಕೊನೆಗೆ ಚೆಂಡನ್ನು ಬೇರೆಯವರಿಗೆ ಕೊಡುವವಳು. ಬುಟ್ಟಿಗೆ ಹಾಕುವುದು ಮಾದೇವಿಯ ಕೆಲಸ. ಮೂರು ವರ್ಷ ನಾನು ಕಣ್ಣು ಮುಚ್ಚಿ ಎಸೆದರೂ ಚೆಂಡು ಅವಳ ಕೈಗೇ ಹೋಗುವಷ್ಟು ಆಡಿದೆವು. ಟ್ರ್ಯಾಕ್ ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಆಡುತ್ತಿದ್ದ ನನ್ನನ್ನು ನೋಡಿ, "ಸಾಬರ ಉಡುಗೀನಾ ಇದು?" ಎಂದು ಗ್ರೌಂಡಿನ ಪಕ್ಕದಲ್ಲಿ ಯಾರೋ ಕೇಳಿದರೆ ಮಾದೇವಿ ತಿರುಗಿ ನಿಲ್ಲುತ್ತಿದ್ದಳು. "ಊ ಕಣಣ್ಣ. ಏನೀಗ?" ಅವಳ ಎತ್ತರ ನೋಡಿ ಯಾರೂ ಮುಂದೆ ಮಾತಾಡುತ್ತಿರಲಿಲ್ಲ.

ಕೊನೆಯ ವರ್ಷ ಅಂತರಕಾಲೇಜು ಪಂದ್ಯದಲ್ಲಿ ನನ್ನ ಎಡ ಮಂಡಿ ತಿರುಚಿತು. ಪಟ್ ಅಂದದ್ದು ನನಗೆ ಕೇಳಿಸಿತು. ಪಂದ್ಯ ಮುಗಿಸಿದೆ. ಬಸ್ಸಿನಲ್ಲಿ ಕೂತಾಗ ಮಂಡಿ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಮಾದೇವಿ ತನ್ನ ದುಪಟ್ಟಾ ನೆನೆಸಿ ಸುತ್ತಿದಳು.

"ಮೇಷ್ಟ್ರುಗೆ ಯೋಳ್ಬುಡು ಶಬೀ. ಇದು ಸುಮ್ನೆ ಉಳುಕಿರದಲ್ಲ."

"ಯೋಳುದ್ರೆ ಮೈಸೂರ್ಗೆ ಕರ್ಕಂಡು ಓಗಕಿಲ್ಲ ಕಣೆ."

ಅವಳ ಜೊತೆಯಲ್ಲಿ ನನ್ನ ಬಾಯಲ್ಲೂ ಅವಳ ಕನ್ನಡವೇ ಬರುತ್ತಿತ್ತು. ಮೇಷ್ಟ್ರಿಗೆ ಹೇಳಲಿಲ್ಲ. ಮೂರು ವಾರ ಬಿಟ್ಟು ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಪಂದ್ಯ ಆಡಿದೆ. ಅಲ್ಲಿ ನೋಡಲು ಬಂದಿದ್ದ ಒಬ್ಬ ಕೋಚ್ ಮೇಷ್ಟ್ರ ಹತ್ತಿರ ಮಾತಾಡಿದರು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಒಂದು ಕ್ಲಬ್ಬಿನ ಮಹಿಳಾ ತಂಡಕ್ಕೆ ಹೊರದೇಶದ ಒಬ್ಬ ಗಾರ್ಡ್ ಬೇಕಿತ್ತು, ಒಂದು ಸೀಸನ್ನಿಗೆ, ಸಂಬಳ ಕೊಟ್ಟು. ಎತ್ತರದವರು ಅವರಲ್ಲಿ ಇದ್ದರು. ಬೇಕಿದ್ದದ್ದು ಚೆಂಡು ಕೊಡುವವಳು. ನಮ್ಮಿಬ್ಬರಲ್ಲಿ ಚೆನ್ನಾಗಿ ಆಡುತ್ತಿದ್ದದ್ದು ಮಾದೇವಿ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಯ್ಕೆಯಾದವಳು ನಾನು.

ಕ್ಲಬ್ಬು ಕಳಿಸಿದ ಫಾರಂ ಅನ್ನು ಕಾಲೇಜಿನ ಕಟ್ಟೆಯ ಮೇಲೆ ಕೂತು ತುಂಬಿಸಿದೆ. ಹಿಂದೆ ಯಾವುದಾದರೂ ಪೆಟ್ಟಾಗಿದೆಯೇ ಎಂಬ ಸಾಲಿನ ಎದುರು 'ಇಲ್ಲ' ಎಂದು ಬರೆಯುವಾಗ ಮಾದೇವಿ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು.

"ಸುಳ್ಳು ಬರ್ದು ಓಗ್ಬೇಡ ಕಣಮ್ಮಿ. ಅಲ್ಲಿ ಮಂಡಿ ಓಯ್ತು ಅಂದ್ರೆ ನಿನ್ನ ಎತ್ಕಂಡು ಬರಕೆ ನಾನಿರಕಿಲ್ಲ."

"ಈಗ ನೋಯಲ್ಲ ಕಣೆ, ಬುಡು."

"ನನ್ನ ಕೇಳಿದ್ರೆ ನಾನಂತೂ..." ಎಂದು ಶುರು ಮಾಡಿ ಅವಳು ನಿಲ್ಲಿಸಿದಳು. ಅವಳನ್ನು ಯಾರೂ ಕೇಳಿರಲಿಲ್ಲ. ಆ ಮಾತು ಅರ್ಧಕ್ಕೆ ನಿಂತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ವೀಸಾ ಕಾಗದದಲ್ಲಿ ಉದ್ಯೋಗ ಎಂಬಲ್ಲಿ 'ಆಟಗಾರ್ತಿ' ಎಂದಿತ್ತು. ಅಬ್ಬಾ ಅದನ್ನು ನನ್ನ ಕೈಯಿಂದ ಮೂರು ಸಲ ಓದಿಸಿದರು.

ಮಾಲೆ ಬಹಳ ಚಿಕ್ಕ ಊರು. ನಡೆದುಕೊಂಡೇ ಒಂದೂವರೆ ಗಂಟೆಯಲ್ಲಿ ಸುತ್ತಿ ಬರಬಹುದು. ಯಾವ ಬೀದಿ ಹಿಡಿದರೂ ಕೊನೆಗೆ ಸಮುದ್ರ. ಗುಂಡ್ಲುಪೇಟೆಯಲ್ಲಿ ಕಣ್ಣೆತ್ತಿದರೆ ಒಂದು ಕಡೆ ಗೋಪಾಲಸ್ವಾಮಿ ಬೆಟ್ಟ, ಇನ್ನೊಂದು ಕಡೆ ನೀಲಗಿರಿಯ ಸಾಲು. ಅವು ಇದ್ದರೆ ತಾನೇ ನಾವು ಎಲ್ಲಿದ್ದೇವೆಂದು ಗೊತ್ತಾಗುವುದು? ಇಲ್ಲಿ ಬೆಟ್ಟವಿರಲಿ, ದಿಬ್ಬವೂ ಇಲ್ಲ. ಮೊದಲ ತಿಂಗಳೆಲ್ಲ ನನಗೆ ದಾರಿ ತಪ್ಪುತ್ತಿತ್ತು. ಮನೆಗಳು ಮೇಲೆ ಮೇಲೆ ಬೆಳೆದು ಒಂದಕ್ಕೊಂದು ತಾಗಿಕೊಂಡಿವೆ. ಕ್ಲಬ್ಬು ನನಗೆ ಕೊಡಿಸಿದ್ದು ಆರನೆಯ ಮಹಡಿಯಲ್ಲಿ ಅರ್ಧ ಕೋಣೆ, ನಡುವೆ ಪ್ಲೈವುಡ್ಡಿನ ಗೋಡೆ. ಆಚೆಯ ಅರ್ಧದಲ್ಲಿ ಕೇರಳದ ನರ್ಸ್ ಬಿಂದು ಚೇಚಿ. ಊಟಿ ರಸ್ತೆಯಲ್ಲಿ ಕಲಿತ ಲಾರಿ ಡ್ರೈವರುಗಳ ಮಲಯಾಳದಲ್ಲಿ ನಾನು ಮಾತಾಡಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ಕೆಟ್ಟ ಮಾತು ನಿನಗೆ ಯಾರು ಕಲಿಸಿದರು ಮೋಳೆ?" ಎಂದರು. ಚೇಚಿ ಎಂದರೆ ಅಕ್ಕ, ಮೋಳೆ ಎಂದರೆ ಮಗಳೇ. ಅವತ್ತಿನಿಂದ ನಡುವಿನ ಪ್ಲೈವುಡ್ ಇದ್ದೂ ಇಲ್ಲದ ಹಾಗಾಯಿತು.

ಇಲ್ಲಿಯವರ ಭಾಷೆ ದಿವೇಹಿ. ಮುಸಲ್ಮಾನರ ದೇಶ, ಉರ್ದು ನಡೆದೀತು ಅಂದುಕೊಂಡು ಬಂದಿದ್ದೆ. ನಡೆಯಲಿಲ್ಲ. ಕೈ ಹಿಡಿದದ್ದು ಕನ್ನಡದ ಒಂದು ಅಕ್ಷರ. 'ಚೆನ್ನಾಗಿದೆ' ಎನ್ನಲು ಇವರು 'ರಂಗಳು' ಅನ್ನುತ್ತಾರೆ. ಆ ಕೊನೆಯ ಅಕ್ಷರ ಹೊರಗಿನಿಂದ ಬಂದವರ ಬಾಯಲ್ಲಿ 'ಲು' ಆಗುತ್ತದೆ. ನಾನು ಮೊದಲ ದಿನವೇ ನಮ್ಮ 'ಳು' ಹಾಕಿ ಹೇಳಿದಾಗ ಇಡೀ ತಂಡ ಚಪ್ಪಾಳೆ ಹೊಡೆಯಿತು. 'ಹೇಗಿದ್ದೀ' ಅನ್ನಲು 'ಹಾಲು ಕಿಹಿನೆ' ಅನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಹಾಲಿನ ಕ್ಯಾನು ಕಣ್ಣಿಗೆ ಬರುತ್ತಿತ್ತು. ಬೆಳಿಗ್ಗೆ ಮಾಸ್ ಹುನಿ, ಅಂದರೆ ಟ್ಯೂನಾ ಮೀನಿಗೆ ತೆಂಗಿನತುರಿ, ಈರುಳ್ಳಿ, ನಿಂಬೆಹುಳಿ ಹಾಕಿ ಕೈಯಲ್ಲಿ ಹಿಸುಕಿದ್ದು. ಜೊತೆಗೆ ರೋಶಿ, ನಮ್ಮ ರೊಟ್ಟಿಯ ತಂಗಿ. ಮೂರು ಹೊತ್ತೂ ಮೀನು. ಮುದ್ದೆ ಉಪ್ಸಾರು ಬೇಕೆಂದು ನಾಲಿಗೆ ಅತ್ತರೆ ಬಂದರಿನ ಮಾರ್ಕೆಟ್ಟಿಗೆ ಹೋಗಿ ನಮ್ಮ ದೇಶದಿಂದ ಬಂದ ಈರುಳ್ಳಿ ಚೀಲದ ಪಕ್ಕ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ.

ಮೈದಾನದಲ್ಲಿ ಮಾತ್ರ ನಾನು ಪರದೇಶಿಯಲ್ಲ. ತಂಡದ ಅರ್ಧ ಹುಡುಗಿಯರು ತಲೆಗೆ ಬಟ್ಟೆ ಬಿಗಿದು, ಮೈತುಂಬ ಬಟ್ಟೆ ಹಾಕಿಕೊಂಡು ಆಡುತ್ತಿದ್ದರು. ಅವರ ಅಮ್ಮಂದಿರು ಬಂದು ಕೂತು ಕಿರುಚುತ್ತಿದ್ದರು. ಇವಳು ಯಾರ ಮನೆಯ ಹುಡುಗಿ, ಇವಳೇಕೆ ಆಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ಮೊದಲ ಪಂದ್ಯ ಗೆದ್ದ ದಿನ ಅದು ಆಟ ಗೆದ್ದ ಸಂತೋಷವೋ, ಈ ಪ್ರಶ್ನೆ ಕೇಳದಿದ್ದುದರ ಸಂತೋಷವೋ ನನಗೆ ತಿಳಿಯಲಿಲ್ಲ. ಏಳು ಪಂದ್ಯಗಳಲ್ಲಿ ಐದು ಗೆದ್ದೆವು. ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿ ಹೆಂಗಸರು ನನ್ನ ಹೆಸರು ಕೂಗುತ್ತಿದ್ದರು. ಪ್ರತಿ ಪಂದ್ಯವಾದ ಮೇಲೆ ಮನೆಗೆ ಫೋನು. ಅಬ್ಬಾ ಸ್ಪೀಕರ್ ಹಾಕಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುತ್ತಿದ್ದರು.

ಆ ಏಳೂ ಪಂದ್ಯಗಳಲ್ಲಿ ಶಿಫಾ ಬೆಂಚಿನ ಮೇಲಿದ್ದಳು. ನಾನು ಬರುವ ಮೊದಲು ಅವಳೇ ಗಾರ್ಡ್. ಅದನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ನನಗೆ ಬೇರೆಯವರಿಂದ ಗೊತ್ತಾಯಿತು.

ಎಂಟನೆಯ ಪಂದ್ಯದಲ್ಲಿ, ಯಾರೂ ನನ್ನನ್ನು ಮುಟ್ಟಿರಲಿಲ್ಲ, ಎಡಗಾಲು ಊರಿ ತಿರುಗಿದೆ ಅಷ್ಟೇ, ಕಾಲು ನನ್ನ ಜೊತೆ ಬರಲಿಲ್ಲ. ಕೆಳಗೆ ಬಿದ್ದಾಗ ಕಾಣಿಸಿದ್ದು ಛಾವಣಿಯ ದೀಪಗಳು. ಮಾದೇವಿ ಹೇಳಿದ ಹಾಗೆ ಎತ್ತಿಕೊಂಡು ಬರಲು ಅವಳಿರಲಿಲ್ಲ. ಶಿಫಾ ಮತ್ತು ಇನ್ನೊಬ್ಬಳು ಎತ್ತಿಕೊಂಡರು. ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಶಿಫಾ ಒಳಗೆ ಹೋಗಿ ಆಡಿದಳು. ಪಂದ್ಯ ಸೋತೆವು.

ಆಸ್ಪತ್ರೆಗೆ ಕರೆದೊಯ್ದದ್ದು ಬಿಂದು ಚೇಚಿ. ಮಂಡಿಯೊಳಗಿನ ಲಿಗಮೆಂಟ್ ಪೂರ್ತಿ ಹರಿದಿತ್ತು. ಡಾಕ್ಟರು ಆಚೆ ಹೋದ ಮೇಲೆ ಚೇಚಿ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖ ನೋಡಿದರು.

"ಇದು ನಿನ್ನೆಯದಷ್ಟೇ ಅಲ್ಲ, ಮೋಳೆ."

ನಾನು ಗೋಡೆಯ ಕಡೆ ತಿರುಗಿಕೊಂಡೆ.

ಆಪರೇಷನ್ ಮಾಡಿದರೆ ನಡೆಯಬಹುದು, ಓಡಲೂಬಹುದು, ಈ ಮಟ್ಟದ ಆಟ ಕಷ್ಟ ಎಂದು ಡಾಕ್ಟರು ಹೇಳಿದರು. ಕ್ಲಬ್ಬಿನ ಮ್ಯಾನೇಜರು ಒಳ್ಳೆಯ ಮನುಷ್ಯ. ಹಾಸಿಗೆಯ ಪಕ್ಕ ಕೂತು, ಮೊದಲು ಏನಾದರೂ ಆಗಿತ್ತೇ ಎಂದು ಒಂದೇ ಸಲ ಕೇಳಿದರು. ಇಲ್ಲ ಅಂದೆ. ಅವರು ನಂಬಿದರು. ನಂಬಿದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಆಪರೇಷನ್ನೂ ಮಾಡಿಸಿದರು.

ನಾಲ್ಕು ದಿನವಾದ ಮೇಲೆ ಶಿಫಾ ಒಂದು ಡಬ್ಬಿಯಲ್ಲಿ ಗರುಧಿಯಾ ತಂದಳು. ಮೀನು ಬೇಯಿಸಿದ ತಿಳಿಸಾರು ಅದು, ಕಾಯಿಲೆಯವರಿಗೆ ಕೊಡುತ್ತಾರೆ. ನಾನು ಕುಡಿಯುತ್ತಿದ್ದಾಗ ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, "ನಿನಗೆ ಮೊದಲೇ ಗೊತ್ತಿತ್ತಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತು" ಎಂದೆ.

"ನನ್ನ ಅಮ್ಮ ಏಳು ಪಂದ್ಯಕ್ಕೂ ಬಂದಿದ್ದರು" ಎಂದಳು. ಡಬ್ಬಿ ಖಾಲಿಯಾಗುವವರೆಗೆ ಕಾದು, ತೊಳೆದು, ತೆಗೆದುಕೊಂಡು ಹೋದಳು. ಮತ್ತೆ ಎರಡು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಆದರೆ ಆ ಮಾತನ್ನು ಕ್ಲಬ್ಬಿನಲ್ಲಿ ಯಾರಿಗೂ ಹೇಳಲೂ ಇಲ್ಲ.

ಆಗಲೇ ನಾನು ಊರಿಗೆ ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಹೊರಟರೆ ಅಬ್ಬಾನ ಅಂಗಡಿಯ ಮುಂದೆ ಊರುಗೋಲು ಹಿಡಿದು ಇಳಿಯಬೇಕು. ವೀಸಾ ಒಂದು ವರ್ಷದ್ದು. ಸೀಸನ್ನಿನ ಕೊನೆಯವರೆಗೆ ಕೋಣೆ ಇತ್ತು, ಆಮೇಲೆ ಚೇಚಿ ತಮ್ಮ ಅರ್ಧದಲ್ಲೇ ನನಗೆ ಚಾಪೆ ಹಾಸಿಕೊಟ್ಟರು. ಮನೆಯಿಂದ ಫೋನು ಬಂದಾಗ, ಗೆದ್ದೆವು ಅಂದೆ. ಮುಂದಿನ ವಾರ, ಸೋತೆವು ಅಂದೆ, ಬರೀ ಗೆಲ್ಲುತ್ತಿದ್ದರೆ ಅನುಮಾನ ಬರುತ್ತದಲ್ಲ. ಸೀಸನ್ ಮುಗಿದಾಗ, ಇನ್ನೊಂದು ಸೀಸನ್ನಿಗೂ ಇಟ್ಟುಕೊಂಡರು ಅಂದೆ. ಆಡದ ಪಂದ್ಯಗಳನ್ನು ಒಂದೊಂದಾಗಿ ಕಟ್ಟಿ ಹೇಳಿದೆ. ಹೇಳುತ್ತ ಹೇಳುತ್ತ ಅವುಗಳಲ್ಲಿ ನಾನು ಮೊದಲಿಗಿಂತ ಚೆನ್ನಾಗಿ ಆಡತೊಡಗಿದ್ದೆ.

ಮಾದೇವಿಗೆ ಅಷ್ಟರಲ್ಲಿ ಅರಣ್ಯ ಇಲಾಖೆಯ ಕೆಲಸ ಸಿಕ್ಕಿತ್ತು. ಓಟದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳಂತೆ. ಬಂಡೀಪುರದಲ್ಲಿ ಗಾರ್ಡ್ ಆಗಿದ್ದಳು. "ನೋಡು, ಈಗ ನಾನೂ ಗಾರ್ಡೇ ಕಣೆ" ಎಂದು ಫೋನಿನಲ್ಲಿ ನಕ್ಕಳು. ನಾನು ಅವಳಿಗೂ ಒಂದು ಪಂದ್ಯದ ಕತೆ ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

"ಶಬೀ, ನಿಮ್ಮ ಲೀಗಿಂದು ಸ್ಕೋರು ಮೊಬೈಲಲ್ಲಿ ಬತ್ತದೆ. ನಾನು ದಿನಾ ನೋಡ್ತೀನಿ. ನಿನ್ ಎಸ್ರಿಲ್ಲ."

ನಾನು ಚಾಪೆಯ ಮೇಲೆ ಕೂತುಬಿಟ್ಟೆ. ಅವಳೇ ಕೇಳಿದಳು.

"ಮಂಡಿ ತಾನೆ?"

"ಊ."

"ನಿಮ್ಮಪ್ಪಂಗೆ ನಾನು ಯೋಳಕಿಲ್ಲ. ಆದ್ರೆ ನೀನು ಯೋಳ್ಬುಡು. ಆಯಪ್ಪ ದಿನಾ ಬಂದೋರ್ಗೆಲ್ಲ ನಿನ್ ವಿಚಾರನೇ ಯೋಳ್ತದೆ."

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಹೀಗೆ ಏಳು ತಿಂಗಳು ಕಳೆದವು.

ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಬಂದ ಅಬ್ಬಾ ತಾವೇ ಫೋನು ಮಾಡಿದರು. ಸ್ಪೀಕರ್ ಹಾಕಿರಲಿಲ್ಲ. ಹಿಂದೆ ಲಾರಿಯ ಸದ್ದೂ ಇರಲಿಲ್ಲ. ಉರ್ದುವಿನಲ್ಲಿ ಕೇಳಿದರು, ನಿನ್ನೆಯ ಪಂದ್ಯ ಹೇಗಾಯಿತೆಂದು. ಎರಡು ಅಂಕದಿಂದ ಗೆದ್ದೆವು ಅಂದೆ.

"ಬೇಟಾ, ನೀನು ಆಡ್ತಿಲ್ಲ ಅಲ್ವಾ?"

"ಯಾರು ಹೇಳಿದರು ಅಬ್ಬಾ?"

"ಯಾರೂ ಹೇಳಲಿಲ್ಲ. ಕಾಲೇಜಿಂದಲೂ ಆಡಿ ಬಂದ ದಿನ ನಿನ್ನ ಗಂಟಲು ಒಡೆದಿರುತ್ತಿತ್ತು, ಕೂಗಿ ಕೂಗಿ. ನಿಮ್ಮ ಅಮ್ಮಿ ಶುಂಠಿ ಜಜ್ಜಿ ಇಟ್ಟಿರ್ತಿದ್ದಳು. ಅಲ್ಲಿಗೆ ಹೋದ ಮೇಲೂ ಹಾಗೇ ಇತ್ತು. ಏಳು ತಿಂಗಳಿಂದ ನಿನ್ನ ಗಂಟಲು ಸಾಫಾಗಿದೆ." ಆಮೇಲೆ ಒಂದೇ ಪ್ರಶ್ನೆ ಕೇಳಿದರು, "ಕೈಕು ನೈ ಬೋಲೀ?" ಯಾಕೆ ಹೇಳಲಿಲ್ಲ?

ನಾನು ಅಳತೊಡಗಿದೆ. ಮಂಡಿಯ ವಿಷಯ, ಫಾರಂನ ವಿಷಯ, ಶಿಫಾಳ ಅಮ್ಮನ ವಿಷಯ ಎಲ್ಲ ಹೇಳಿದೆ. ಕೊನೆಗೆ ನಾನು ಕೇಳಿದೆ, "ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಾ?"

"ಇಲ್ಲ. ಆಡ್ತಾಳೆ ಅಂತಲೇ ಹೇಳ್ಕೊಂಡು ಬಂದಿದ್ದೀನಿ. ನೀನು ಗೆದ್ದೆ ಅಂದರೆ ಗೆದ್ದಳು ಅಂತೀನಿ, ಸೋತೆ ಅಂದರೆ ಸೋತಳು ಅಂತೀನಿ. ನಿನಗೆ ಹೇಳೋ ಮನಸ್ಸು ಬರೋವರೆಗೂ ಹಾಗೇ ಇರಲಿ ಅಂತ."

ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಒಂದು ಗಜ ಟಾರ್ಪಾಲಿನಲ್ಲಿ ಒಂದು ಬೆರಳೂ ಕಡಿಮೆ ಹೊಲಿಯದವರು. ನನ್ನ ಸುಳ್ಳನ್ನು ತಮ್ಮ ಬಾಯಲ್ಲಿ ಏಳು ತಿಂಗಳು ಹೊತ್ತುಕೊಂಡು ತಿರುಗಿದ್ದರು. ಮಂಡಿ ಹೋದ ದಿನ ನಾನು ಅತ್ತದ್ದು ನನಗಾಗಿ. ಅವತ್ತು ಅತ್ತದ್ದು ಬೇರೆ.

ಮರುದಿನ ಕ್ಲಬ್ಬಿಗೆ ಹೋಗಿ ಮ್ಯಾನೇಜರಿಗೆ ಫಾರಂನ ಸುಳ್ಳನ್ನು ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಕೂಗಾಡಲಿಲ್ಲ. "ಇದನ್ನು ನೀನು ಆಸ್ಪತ್ರೆಯಲ್ಲೇ ಹೇಳಬಹುದಿತ್ತು" ಎಂದರು. ನಾನು ಮತ್ತೆ ಆ ಮೈದಾನಕ್ಕೆ ಆಟಗಾರ್ತಿಯಾಗಿ ಕಾಲಿಡಲಿಲ್ಲ.

ಬಾಗಿಲಲ್ಲಿ ಶಿಫಾ ಸಿಕ್ಕಳು. ಒಳಗಿನ ಮಾತು ಅವಳಿಗೆ ಕೇಳಿಸಿತ್ತು. ತಾನು ಓದಿದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸಲು ಒಬ್ಬರು ಬೇಕಾಗಿದ್ದಾರೆ, ಬರುತ್ತೀಯಾ ಎಂದಳು. ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವಾಗಿಲ್ಲ. ಆ ಶಾಲೆಯಲ್ಲಿ ಈಗ ನಾನು ಮೂರನೆಯ ವರ್ಷದಲ್ಲಿದ್ದೇನೆ. ಬೆಳಿಗ್ಗೆ ಹುಡುಗಿಯರು "ಮಿಸ್, ಹಾಲು ಕಿಹಿನೆ?" ಎಂದರೆ ಹಾಲಿನ ಕ್ಯಾನು ನೆನಪಾಗುವುದಿಲ್ಲ. ಅದು ಯಾವಾಗ ನಿಂತುಹೋಯಿತೋ ತಿಳಿಯಲಿಲ್ಲ. ನಿಂತದ್ದು ಗೊತ್ತಾದ ದಿನ ಏನನ್ನೋ ಕಳೆದುಕೊಂಡ ಹಾಗಾಯಿತು.

ಮಾಲೆಗೆ ಬಂದ ಮೇಲೆ ಮೊದಲ ಸಲ, ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದೆ. ಮಾದೇವಿ ಖಾಕಿ ಬಟ್ಟೆಯಲ್ಲೇ ಬಸ್ ನಿಲ್ದಾಣಕ್ಕೆ ಬಂದಿದ್ದಳು. ನನ್ನ ಚೀಲ ಕಿತ್ತುಕೊಂಡು, ನಡಿಗೆ ನೋಡಿ, "ಕುಂಟಕಿಲ್ಲ, ಪರ್ವಾಗಿಲ್ಲ" ಎಂದಳು. ಆಟದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಅವಳನ್ನು ಬಿಟ್ಟು ನಾನು ಆಡಿದ್ದು ಎಂಟೇ ಪಂದ್ಯ. ಅವಳಾದರೆ ಎಷ್ಟು ಆಡುತ್ತಿದ್ದಳೋ ಎಂಬ ಲೆಕ್ಕ ನಮ್ಮಿಬ್ಬರ ನಡುವೆ ಇದ್ದೇ ಇತ್ತು, ಬಸ್ಸಿನಲ್ಲಿ ಇಬ್ಬರ ಮಧ್ಯೆ ಕೂತ ಮೂರನೆಯವಳ ಹಾಗೆ.

ಎರಡನೆಯ ದಿನ ಅಬ್ಬಾನ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿಗೆ ಬರುವವರಿಗೆ ಇನ್ನೂ ಯಾರೂ ನಿಜ ಹೇಳಿರಲಿಲ್ಲ. ತೆರಕಣಾಂಬಿ ಕಡೆಯ ಒಬ್ಬ ಡ್ರೈವರು ಲಾರಿ ನಿಲ್ಲಿಸಿ ಇಳಿದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಓಹೋ, ಆಟಗಾರ್ತಿ ಬಂದವ್ಳೆ! ಏನವ್ವ, ಮುಂದ್ಲ ಮ್ಯಾಚು ಯಾವಾಗ?"

ಅಬ್ಬಾ ಟಾರ್ಪಾಲಿನ ಮೇಲೆ ಕೂತು ಹೊಲಿಯುತ್ತಿದ್ದರು. ಉತ್ತರ ಕೊಡಲು ತಲೆಯೆತ್ತಿದರು. ನಾನು ಅವರಿಗಿಂತ ಮೊದಲು ಹೇಳಿದೆ.

"ಮಂಡಿ ಓಯ್ತು ಕಣಣ್ಣ. ಆಟ ಬುಟ್ಟು ಮೂರೊರ್ಸ ಆಯ್ತು. ಈಗ ಮಕ್ಳಿಗೆ ಯೋಳ್ಕೊಡ್ತೀನಿ."

ಅಬ್ಬಾನ ಕೈ ನಿಂತಿತು. ಡ್ರೈವರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ನನ್ನ ಎಷ್ಟೋ ಗೆಲುವಿಗೆ ಅಬ್ಬಾ ಕೊಡಿಸಿದ ಟೀಯನ್ನು ಅವರು ಇದೇ ಅಂಗಡಿಯಲ್ಲಿ ಕುಡಿದಿದ್ದರು.

"ಬುಡವ್ವ, ಅದ್ಕೇನು. ಅಂಗಾರೆ ಇನ್ಮೇಕೆ ಊರಲ್ಲೇ ಇರ್ತೀಯೇನು?"

ಇರಬಹುದಿತ್ತು. ಕೋಣೆ ಇತ್ತು, ಅಮ್ಮಿ ಇದ್ದಳು, ಬೆಟ್ಟಗಳು ಇದ್ದಲ್ಲೇ ಇದ್ದವು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಮಾಲೆಯ ಶಾಲೆ ತೆರೆಯುವ ದಿನ, ತಂಡಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಇನ್ನೂ ಎಡಗೈಯಲ್ಲಿ ಚೆಂಡು ಬಡಿಯಲು ಬರುವುದಿಲ್ಲ ಎಂಬ ಯೋಚನೆ. ರಜೆ ಬಿಡುವ ದಿನ ಆ ಹುಡುಗಿಯರು, ಮಿಸ್, ನಿಮ್ಮೂರಿಗೆ ಹೋಗ್ತೀರಾ ಎಂದು ಕೇಳಿದ್ದರು. ಹೌದು, ನಮ್ಮೂರಿಗೆ ಅಂದಿದ್ದೆ.

ನನ್ನ ಪರವಾಗಿ ಅಬ್ಬಾ ಉತ್ತರ ಕೊಟ್ಟರು. ದಾರವನ್ನು ಹಲ್ಲಿನಿಂದ ಕಡಿದು, ದಬ್ಬಳಕ್ಕೆ ಹೊಸ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ, ಬಹಳ ಸಹಜವಾಗಿ ಹೇಳಿದರು.

"ಇಲ್ಲ ಕಣಣ್ಣ. ಇನ್ನೊಂದತ್ತು ದಿವ್ಸ ಇದ್ದು, ಅವಳೂರಿಗೆ ಓಯ್ತಾಳೆ."